ಆರು ಹಳೇ ಪ್ರಶ್ನೆಪತ್ರಿಕೆಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದೆ. ಕೊನೆಯ ಬೋರ್ಡ್ ಪರೀಕ್ಷೆ ಪಾಸಾದರಷ್ಟೇ ನರ್ಸ್ ಎಂದು ರಿಜಿಸ್ಟರಿನಲ್ಲಿ ಹೆಸರು ಬರುತ್ತಿತ್ತು. ಇಲ್ಲದಿದ್ದರೆ ಮೂರು ವರ್ಷ ಬೆಡ್‌ಪ್ಯಾನ್ ತೊಳೆದದ್ದೇ ಬಂತು. ಓದುವ ರಜೆಗೆ ಅಜ್ಜಂಪುರದ ನಮ್ಮ ಮನೆಗೆ ಬಂದಾಗ ಯಗಟಿಯ ಗೆಳತಿಯೂ ಜೊತೆಗಿದ್ದಳು. ಸೀನಿಯರ್‌ಗಳಿಂದ ಕೇಳಿ ತಂದ ಆರು ಹಳೇ ಪ್ರಶ್ನೆಪತ್ರಿಕೆಗಳನ್ನೇ ಮತ್ತೆ ಮತ್ತೆ ಬರೆದೆವು. ನನ್ನದನ್ನು ಅವಳು ತಿದ್ದುತ್ತಿದ್ದಳು, ಅವಳದನ್ನು ನಾನು. ಇಬ್ಬರದೂ ಧಾರಾಳದ ಕೈ. ಮೊದಲ ವಾರ ಐವತ್ತು ಬಂದದ್ದು ಮೂರನೇ ವಾರಕ್ಕೆ ತೊಂಬತ್ತು ಮುಟ್ಟಿತು.

"ಇನ್ನು ಓದೋದೇನೈತೆ?" ಎಂದು ಗೆಳತಿ ಪುಸ್ತಕ ಮುಚ್ಚಿ ಹುಣಸೆಕಾಯಿಗೆ ಉಪ್ಪು ಹಚ್ಚಿಕೊಂಡಳು.

ಅಮ್ಮನಿಗೆ ಅನುಮಾನ. ತರೀಕೆರೆಯಲ್ಲಿದ್ದ ತನ್ನ ತಂಗಿಯ ಮನೆಗೆ ನಮ್ಮನ್ನು ಬಸ್ಸು ಹತ್ತಿಸಿದಳು. ಆ ಚಿಕ್ಕಮ್ಮ ಇಪ್ಪತ್ತು ವರ್ಷದಿಂದ ನರ್ಸ್. ನಮ್ಮ ಪತ್ರಿಕೆಗಳನ್ನು ನೋಡಿ, ಮರುದಿನ ಒಂದನ್ನು ತನ್ನ ಕೈಯಲ್ಲೇ ನಕಲು ಮಾಡಿ ಕೊಟ್ಟಳು. ನಮ್ಮ ಮೂರನೇ ಪತ್ರಿಕೆ! ಪ್ರಶ್ನೆ ಪೂರ್ತಿ ಓದುವ ಗೋಜಿಗೂ ಹೋಗದೆ ಒಂದೇ ಗಂಟೆಯಲ್ಲಿ ಬರೆದು ಬಿಸಾಕಿದೆವು.

ಅವಳು ಪ್ರಶ್ನೆಗಳನ್ನು ಅಲ್ಲಲ್ಲಿ ಬದಲಿಸಿದ್ದಳು. ವಾಂತಿಭೇದಿಯ ಮಗುವಿನ ಜಾಗದಲ್ಲಿ ಕಿಡ್ನಿ ಕಾಯಿಲೆಯಿಂದ ಮೈ ಊದಿದ ಮಗು ಬಂದಿತ್ತು.

"ಲೇ, ಊದ್ಕೊಂಡಿರೋ ಮಗೀಗೆ ಅರ್ಧ ಗಂಟೆಗೊಂದು ಲೋಟ ನೀರು ಕುಡಿಸ್ತೀಯಾ? ಕೆರೆ ತುಂಬಿಸ್ತಿದೀಯೇನೇ? ನಿಮ್ಗೆ ಪಾಠ ಬರಲ್ಲ ಕಣ್ರೇ, ಆ ಆರು ಪೇಪರ್ ಬತ್ತವೆ ಅಷ್ಟೇ."

ನೂರಕ್ಕೆ ನನಗೆ ಬಂದದ್ದು ಮೂವತ್ತೊಂದು, ಗೆಳತಿಗೆ ಇಪ್ಪತ್ತೆಂಟು.

ಅವಮಾನ ತಡೆಯಲಾಗಲಿಲ್ಲ. ಚಿಕ್ಕಮ್ಮ ಡ್ಯೂಟಿಗೆ ಹೋದಾಗ ಅವಳ ಟ್ರಂಕು ತೆಗೆದೆವು. ಅವಳು ಓದುವಾಗಿನ ನೋಟ್ಸ್ ಸಿಕ್ಕಿತು. ಸುಟ್ಟಗಾಯದ ಶುಶ್ರೂಷೆಯ ಬಗ್ಗೆ ಅವಳು ಬರೆದ ಉತ್ತರದ ಕೆಳಗೆ ಅವಳ ಟೀಚರ್ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದಿದ್ದರು. ಮುಂದಿನ ಟೆಸ್ಟಿಗೆ ಸುಟ್ಟಗಾಯದ್ದೇ ಒಂದು ಪ್ರಶ್ನೆ ಕೊಡು ಎಂದು ಪುಸಲಾಯಿಸಿ, ಅದೇ ಉತ್ತರವನ್ನು ಅಕ್ಷರ ಬಿಡದೆ ಬರೆದುಕೊಟ್ಟೆ.

ಹತ್ತಕ್ಕೆ ಮೂರು ಹಾಕಿದಳು. "ಯಾವ ದಡ್ಡಿ ಹೇಳ್ಕೊಟ್ಲೇ ನಿಂಗೆ ಇದನ್ನ?"

ನಾನು ನೋಟ್ಸ್ ತಂದು ಮುಂದಿಟ್ಟೆ. ಗೆಳತಿ ದಾವಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಚಿಕ್ಕಮ್ಮ ಕನ್ನಡಕ ಹಾಕಿ ಆ ಪುಟವನ್ನೇ ನೋಡಿದಳು. ಕೆನ್ನೆಗೆ ಏಟು ಬಿತ್ತು ಅಂದುಕೊಂಡೆ.

"ಆಗ ಹಂಗೇ ಹೇಳ್ಕೊಡ್ತಿದ್ರು ಕಣೇ," ಎಂದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೂ ಕೇಳದೆ ಟ್ರಂಕು ಮುಟ್ಟಿದ್ದಕ್ಕೆ ಅಂದಿನ ಪಾತ್ರೆಗಳೆಲ್ಲ ನಮ್ಮ ಪಾಲಾದವು.

ಆಮೇಲೆ ಅವಳು ವಾರ್ಡಿನಲ್ಲಿ ಕಂಡ ರೋಗಿಗಳನ್ನೇ ಪ್ರಶ್ನೆ ಮಾಡಿದಳು. ಸತತ ಮೂರು ಹೊಸ ಪತ್ರಿಕೆಗಳಲ್ಲಿ ಅರವತ್ತು ಮುಟ್ಟಿದರೆ ನಾವು ತಯಾರು ಎಂದು ಲೆಕ್ಕ. ಎರಡು ಸಲ ಮುಟ್ಟಿದ ಗೆಳತಿಗೆ ಮೂರನೆಯದರಲ್ಲಿ ಐವತ್ತೆಂಟು ಬಂತು.

"ಎರಡು ಮಾರ್ಕ್ ಹಾಕ್ಬಿಡ್ರಿ ಸಿಸ್ಟರ್, ಯಾರಿಗೆ ಗೊತ್ತಾಗುತ್ತೆ?"

"ರೋಗೀಗೆ," ಎಂದಳು ಚಿಕ್ಕಮ್ಮ. ಮತ್ತೆ ಮೊದಲಿಂದ ಶುರು. ಹತ್ತು ದಿನದ ಮೇಲೆ ಇಬ್ಬರಿಗೂ ಬಿಡುಗಡೆಯಾಯಿತು.

ಬೋರ್ಡ್ ಪರೀಕ್ಷೆಯಿಂದ ಹೊರಬಂದಾಗ, ನನಗೆ ಅರವತ್ತೆರಡು ಬರಬಹುದು ಎಂದೆ. ಗೆಳತಿ ತನಗೆ ಎಂಬತ್ತು ಎಂದಳು. ಬಂದದ್ದು ನನಗೆ ಅರವತ್ನಾಲ್ಕು, ಅವಳಿಗೆ ಅರವತ್ತಾರು. ಕಡೂರಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕ ಮೇಲೆ, ನನಗಿಂತ ಹೆಚ್ಚು ಬಂದ ಆ ಎರಡು ಮಾರ್ಕಿನ ಹೆಸರಿನಲ್ಲಿ ಪ್ರತಿ ಸೋಮವಾರದ ಟೀ ಅವಳು ನನ್ನಿಂದಲೇ ತರಿಸುತ್ತಿದ್ದಳು.