ಮಗ್ಗದ ಕೈಗೆ ನಾನು ಸೇರಿಸಿದ ಒಂದು ಸೂತ್

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಕುಂದಾಪುರದ ಕಡೆಯಿಂದ ಅಹಮದಾಬಾದಿಗೆ ಬಂದದ್ದು ಹೋಟೆಲ್ ಕೆಲಸಕ್ಕೆ. ಕೈ ಒಗ್ಗಿದ್ದು ಮರಕ್ಕೆ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅದೇ ಊರಿನ ನರೋಡಾದ ಒಂದು ಎರಕದ ಕಾರ್ಖಾನೆಯಲ್ಲಿ ಮಿಸ್ತ್ರಿಯಾಗಿದ್ದೆ. ಕಬ್ಬಿಣ ಹೊಯ್ಯುವ ಮೊದಲು ಮರಳಿನಲ್ಲಿ ಒತ್ತುವ ಮರದ ಪ್ಯಾಟರ್ನ್ ಮಾಡುವುದು ನನ್ನ ಕೆಲಸ. ನನ್ನ ಪ್ಯಾಟರ್ನಿನ ಮೇಲೆ ಯಾರೂ ಅಳತೆಪಟ್ಟಿ ಇಡುತ್ತಿರಲಿಲ್ಲ. ಸಂಬಳಕ್ಕಿಂತ ಅದು ನನಗೆ ದೊಡ್ಡದಾಗಿತ್ತು.

ಆ ವರ್ಷ ಸೂರತ್ತಿನ ಪವರ್‌ಲೂಮಿನವರು ಮಗ್ಗದ ವೇಗ ಹೆಚ್ಚಿಸಿದರು. ನೂಲನ್ನು ಬಡಿದು ಕೂರಿಸುವ ಹಣಿಗೆಯನ್ನು ಹಿಂದೆ ಮುಂದೆ ಆಡಿಸುವ, ನಾವು ಕಳಿಸುತ್ತಿದ್ದ ಎರಕದ ಕೈ ಮುರಿಯತೊಡಗಿತು. ಮುರಿದಾಗಲೆಲ್ಲ ನಾನು ಇನ್ನಷ್ಟು ದಪ್ಪ ಮಾಡಿದೆ. ಆಗಲೂ ಮುರಿಯಿತು.

ಕೊನೆಗೆ ಕಾರ್ಖಾನೆಯ ಮಾಲೀಕರಾದ ಶೇಠ್ ಒಬ್ಬ ಎಂಜಿನಿಯರನ್ನು ಕರೆತಂದರು. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಮೈಸೂರು ಕಡೆಯವರು. ಅಂಚಿನಲ್ಲಿ ತೂತುಗಳಿದ್ದ ಕಂಪ್ಯೂಟರ್ ಕಾಗದದ ಕಟ್ಟು ತಂದಿದ್ದರು. ನೂರಾರು ಆಕಾರಗಳ ಲೆಕ್ಕ ಹಾಕಿ, ಬಲ ಕುಂದದಂತೆ ಕಬ್ಬಿಣ ಕಡಿಮೆಯಾಗುವ ಒಂದನ್ನು ಆರಿಸಿದ್ದಾಗಿ ಹೇಳಿದರು. ನಕ್ಷೆ ನೋಡಿದೆ. ತುದಿ ಎಲೆಯಷ್ಟು ತೆಳ್ಳಗಿತ್ತು.

“ಇದು ತುಂಡಾದ್ರೆ ಎಂತ ಮಾಡುದು ಸರ್?”

“ಆಗಲ್ಲ ಮಿಸ್ತ್ರಿಯವರೇ. ತುದಿಯ ಭಾರವೇ ಬುಡವನ್ನ ಮುರೀತಿರೋದು. ಅಲ್ಲಿ ಇಳಿಸಿದಷ್ಟೂ ಇಲ್ಲಿ ಸುಖ.”

ನಾನು ನಂಬಲಿಲ್ಲ. ಎರಕ ತಣಿದಾಗ ಕುಗ್ಗುತ್ತದೆ. ಅದಕ್ಕೆಂದು ಪ್ಯಾಟರ್ನನ್ನು ತುಸು ದೊಡ್ಡದು ಮಾಡುವುದು ನಮ್ಮ ಪದ್ಧತಿ. ಆ ನೆಪದೊಳಗೆ ತುದಿಯ ಎರಡೂ ಬದಿಗೆ ಒಂದೊಂದು ಸೂತ್, ಅಂದರೆ ಇಂಚಿನ ಎಂಟನೆಯ ಒಂದು ಪಾಲು, ಹೆಚ್ಚು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಕೈ ಮುರಿಯದಂತೆ ಮಾಡಿ ನಮ್ಮ ಕನ್ನಡದ ಎಂಜಿನಿಯರರ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ನಾಲ್ಕು ಕೈಗಳು ಸೂರತ್ತಿಗೆ ಹೋದವು. ಮೂರನೆಯ ದಿನ ಒಂದು ಬುಡದಲ್ಲೇ ಮುರಿಯಿತು.

ಶೇಠ್ ಆ ತುಂಡನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಎಂಜಿನಿಯರರೂ ಬಂದಿದ್ದರು. ಕಾಗದ ಓದಿ ಕಬ್ಬಿಣ ಹೊಯ್ಯಲು ಆಗುವುದಿಲ್ಲ, ಕಟ್ಟು ತೆಗೆದುಕೊಂಡು ಹೊರಡಿ, ನಾಳೆಯಿಂದ ಹಳೆಯ ಪ್ಯಾಟರ್ನೇ ಎಂದು ಶೇಠ್ ಹಿಂದಿಯಲ್ಲಿ ಖಂಡಿತವಾಗಿ ಹೇಳಿದರು. ಎಂಜಿನಿಯರರು ನನ್ನ ಕಡೆ ತಿರುಗಿ, “ಲೆಕ್ಕದಲ್ಲಿ ನಾನೇ ಎಲ್ಲೋ ತಪ್ಪಿದೀನಿ ಮಿಸ್ತ್ರಿಯವರೇ,” ಎಂದರು.

ಸುಮ್ಮನಿದ್ದಿದ್ದರೆ ನನ್ನ ಹೆಸರು ಹಾಗೇ ಉಳಿಯುತ್ತಿತ್ತು. ಅವರದು ಹೋಗುತ್ತಿತ್ತು. ಗೋಡೆಗೆ ನೇತುಹಾಕಿದ್ದ ಅಳತೆಪಟ್ಟಿ ತೆಗೆದು ನನ್ನ ಪ್ಯಾಟರ್ನಿನ ಮೇಲೆ ನಾನೇ ಇಟ್ಟೆ.

“ಒಂದೊಂದು ಸೂತ್ ಜಾಸ್ತಿ ಉಂಟು ಸರ್. ನಾನೇ ಬಿಟ್ಟದ್ದು.”

ಇಷ್ಟು ವರ್ಷ ನಿನ್ನ ಕೆಲಸ ಅಳೆಯದೆ ಇದ್ದದ್ದು ನನ್ನ ತಪ್ಪು ಎಂದರು ಶೇಠ್. ಆ ಮಾತಿನ ಪೆಟ್ಟು ಇವತ್ತಿಗೂ ಆರಿಲ್ಲ. ಎಂಜಿನಿಯರರು ಮಾತ್ರ ಬೈಯಲಿಲ್ಲ. ಮರಳಿನ ಪೆಟ್ಟಿಗೆಯ ಮೇಲೆ ಕೂತು, ನಾನು ಸೇರಿಸಿದ ಭಾರವನ್ನೂ ಹಿಡಿದು ಹೊಸದಾಗಿ ಲೆಕ್ಕ ಹಾಕಿದರು. ಆಮೇಲೆ ಲೆಕ್ಕದ ಪ್ರಕಾರ ಮುರಿಯುವುದು ಇಲ್ಲಿ ಎಂದು ನಕ್ಷೆಯಲ್ಲಿ ಕೈಯ ಬುಡಕ್ಕೆ ಪೆನ್ಸಿಲಿನಿಂದ ಒಂದು ಗೀಟು ಎಳೆದರು. ಮುರಿದ ತುಂಡನ್ನು ಅದರ ಮೇಲಿಟ್ಟು ನೋಡಿದೆವು. ಗೀಟಿಗೂ ಮುರಿದ ಬಾಯಿಗೂ ಒಂದು ಬೆರಳಿನ ಅಂತರವಿತ್ತು, ಅಷ್ಟೆ. ನಾನು ಮುಚ್ಚಿಟ್ಟದ್ದು ಆ ಕಾಗದಕ್ಕೆ ಗೊತ್ತಾಗಿತ್ತು.

ಅವತ್ತೇ ಪ್ಯಾಟರ್ನಿನ ಎರಡೂ ಬದಿ ಉಜ್ಜಿ ಇಳಿಸಿದೆ. ಅಳೆದು ನೋಡಿ ಎಂದು ಅಳತೆಪಟ್ಟಿಯನ್ನು ಎಂಜಿನಿಯರರ ಕೈಗೆ ಕೊಟ್ಟೆ. ಅವರು ಹಿಂಜರಿದರು. ನಾನು ಬಿಡಲಿಲ್ಲ.

ಇನ್ನೊಮ್ಮೆ ಹೊಯ್ದು ನೋಡಲು ಶೇಠ್ ಒಪ್ಪಿದರು. ಹೊಸ ಕೈಗಳ ಜೊತೆ ಸೂರತ್ತಿಗೆ ನಾನೂ ಹೋದೆ. ಮೂರು ದಿನ ಆ ಮಗ್ಗದ ಪಕ್ಕದಲ್ಲೇ ನಿಂತಿದ್ದೆ. ಮೂರನೆಯ ಸಂಜೆ ನೂಲು ಕಡಿದು ಮಗ್ಗ ನಿಂತಿತು. ಬಗ್ಗಿ, ಕೈಯ ಬುಡವನ್ನು ಸುತ್ತಲೂ ಬೆರಳಿನಿಂದ ಸವರಿದೆ. ಎಣ್ಣೆ ಹತ್ತಿತು. ಬಿರುಕು ಸಿಗಲಿಲ್ಲ. ನೇಕಾರ ನೂಲು ಕಟ್ಟಿ, ಸರಿ ಎಂದು ನನಗೆ ಸನ್ನೆ ಮಾಡಿದ.