ಮಾತು ನಿಂತರೆ ಹರಾಜು ಬಿಟ್ಟಂತೆ

ನಮ್ಮತ್ತೆಗೆ ಮಾತು ನಿಲ್ಲಿಸಲು ಬರುವುದಿಲ್ಲ ಎಂದು ಮೀನಿನ ಸಗಟು ಮಾರುಕಟ್ಟೆಯಲ್ಲೆಲ್ಲ ಪ್ರತೀತಿ. ಅವರಿಗೆ ಅಲ್ಲಿ ಇಟ್ಟ ಹೆಸರೇ ರೇಡಿಯೋ ಅಮ್ಮ. ಸರಿಯಾದ ಹೊತ್ತಿಗೆ ಮಾತು ನಿಲ್ಲಿಸುವುದನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂಬುದು ಗೊತ್ತಿದ್ದದ್ದು ನನಗೆ ಮತ್ತು ಹರಾಜು ಕೂಗುವ ಹಿರಿಯರಿಗೆ ಮಾತ್ರ.

ಅತ್ತೆ ಹೋಟೆಲುಗಳಿಗೆ ಮೀನು, ಸೀಗಡಿ ಒದಗಿಸುವವರು. ಮಾವ ತೀರಿಕೊಂಡ ಮೇಲೆ ಅವರ ರಬ್ಬರ್ ಬೂಟಿನ ತುದಿಗೆ ಬಟ್ಟೆ ತುರುಕಿ, ಅದನ್ನೇ ಹಾಕಿಕೊಂಡು ಮಾರುಕಟ್ಟೆಗೆ ಇಳಿದರು. ದರ ಎತ್ತ ಹೋಗುತ್ತದೆ ಎಂದು ತಿಳಿಯಲು ಅವರು ಮೀನನ್ನು ನೋಡುತ್ತಿರಲಿಲ್ಲ, ಐಸ್ ಫ್ಯಾಕ್ಟರಿಯ ಬಾಗಿಲು ನೋಡುತ್ತಿದ್ದರು. ದೋಣಿಯವರು ಐಸಿಗೆ ಸಾಲುಗಟ್ಟಿದ್ದರೆ ಇನ್ನೆರಡು ದಿನದಲ್ಲಿ ಮಾಲು ಸುರಿಯುತ್ತದೆ, ಇವತ್ತು ಕಡಿಮೆ ಕೊಳ್ಳಬೇಕು. ಬಾಗಿಲಲ್ಲಿ ನಾಯಿ ಮಲಗಿದ್ದರೆ ದೋಣಿ ಹೊರಡುತ್ತಿಲ್ಲ, ಸಿಕ್ಕಿದ್ದನ್ನು ಬಾಚಿಕೊಳ್ಳಬೇಕು. ಅವರ ಅಂದಾಜು ತಪ್ಪಿದ್ದು ಕಡಿಮೆ.

ಅದೇ ಅವರಿಗೆ ಮುಳುವಾಗಿತ್ತು. ಅವರು ಕೈ ಎತ್ತಿದರೆ ಸಾಕು, ಅರ್ಧ ಮಾರುಕಟ್ಟೆ ಕೈ ಎತ್ತಿ ದರವನ್ನು ಅಟ್ಟಕ್ಕೇರಿಸುತ್ತಿತ್ತು. ಅದಕ್ಕೇ ಹರಾಜುಗಾರರ ಜೊತೆ ಒಂದು ಗುಟ್ಟಿನ ಒಪ್ಪಂದ. ಅತ್ತೆ ಮಾತಾಡುತ್ತಿರುವಷ್ಟು ಹೊತ್ತು ಹರಾಜಿನಲ್ಲಿದ್ದಾರೆ, ಬಾಯಿ ಮುಚ್ಚಿದರೆ ಬಿಟ್ಟರು. ಹರಾಜುಗಾರರ ಕಣ್ಣು ಕ್ರೇಟಿನ ಮೇಲಿದ್ದರೆ ಕಿವಿ ಅತ್ತೆಯ ಕಡೆ. ಪಕ್ಕದವಳ ಮಗುವಿಗೆ ಎಷ್ಟು ಹಲ್ಲು ಬಂತು ಎಂದು ವಿಚಾರಿಸುತ್ತಲೇ ಅತ್ತೆ ಸೀಗಡಿ ಗೆದ್ದುಕೊಂಡು ಬರುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವವರು ನಮ್ಮನೆಗೊಮ್ಮೆ ಬರಬೇಕು.

ಹೀಗಿರುವಾಗ ಅವರ ಗಂಟಲಿಗೆ ಚಿಕ್ಕದೊಂದು ಆಪರೇಷನ್ ಆಯಿತು. ತಿಂಗಳ ಕಾಲ ಪಿಸುಮಾತೂ ಆಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಕೈಗೊಂದು ಸ್ಲೇಟು ಕೊಟ್ಟೆವು. ಆ ವಾರವೇ ಗಾಳಿ ಎದ್ದು ದೋಣಿಗಳು ದಡ ಬಿಡಲಿಲ್ಲ. ಇಡೀ ಸೀಸನ್ ಒಂದೇ ದರದಲ್ಲಿ ಸೀಗಡಿ ಕೊಡುತ್ತೇವೆ ಎಂದು ಮೂರು ಹೋಟೆಲಿಗೆ ಅತ್ತೆ ಮಾತು ಕೊಟ್ಟಿದ್ದರು. ನಮ್ಮ ಮಾಲು ತಪ್ಪಿದರೆ ಆ ಹೋಟೆಲಿನವರನ್ನು ಸೆಳೆದುಕೊಳ್ಳಲು ಕೋಲ್ಡ್ ಸ್ಟೋರೇಜಿನ ಏಜೆಂಟು ಬಾಯಿ ತೆರೆದು ಕೂತಿದ್ದ. ಆ ಮೂರು ಹೋಟೆಲು ಹೋದರೆ ನಮ್ಮ ವ್ಯಾಪಾರವೇ ಹೋದಂತೆ.

ಕಣ್ಸನ್ನೆ ಮಾಡಿದರಾಯಿತಲ್ಲ ಎಂದೆ. ಕಾಣುವ ಸನ್ನೆ ಎಲ್ಲರಿಗೂ ಕಾಣುತ್ತದೆ ಎಂದು ಅತ್ತೆ ಸ್ಲೇಟಿನಲ್ಲಿ ಬರೆದರು. ಕೆಳಗೆ ಇನ್ನೊಂದು ಸಾಲು: ನೀನು ಮಾತಾಡು. ಬಾಯಲ್ಲಿ ಬೆರಳಿಟ್ಟರೆ ಕಚ್ಚಲೂ ಬಾರದ ಸೊಸೆ ಎಂದು ಊರೆಲ್ಲ ಸಾರಿದವರೂ ಅವರೇ. ಉಪಾಯ ಇಷ್ಟೇ: ನಾನು ಅವರ ಕೈ ಹಿಡಿದು ಮಾತಾಡುತ್ತಲೇ ಇರಬೇಕು, ದರ ಮಿತಿ ಮೀರಿದರೆ ಅವರು ಕೈ ಒತ್ತುತ್ತಾರೆ, ಆಗ ನಾನು ಸುಮ್ಮನಾಗಬೇಕು. ಹರಾಜುಗಾರರಿಗೂ ಇದನ್ನು ಮೊದಲೇ ತಿಳಿಸಿದೆವು.

ಅವತ್ತು ಬಂದದ್ದು ಒಂದೇ ದೋಣಿ. ಒದ್ದೆ ಸಿಮೆಂಟಿನ ಮೇಲೆ ಸೀಗಡಿ ಕ್ರೇಟುಗಳನ್ನು ಸಾಲಾಗಿ ಇಟ್ಟರು. ಏಜೆಂಟು ಎದುರಿಗೇ ನಿಂತ. ಕೂಗು ಶುರುವಾಯಿತು. ನಾನು ಗಾಳಿಯ ಬಗ್ಗೆ ಹೇಳಿದೆ, ನಲ್ಲಿ ಸೋರುವುದನ್ನು ಹೇಳಿದೆ, ಅಲ್ಲಿಗೆ ನನ್ನ ಸರಕು ಮುಗಿಯಿತು. ಏಜೆಂಟು ಕೈ ಇಳಿಸಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅತ್ತೆಯ ಮೇಲಿನ ದೂರು. ನಾನು ಮಾಡಿದ ಅಡುಗೆಗೆ ರುಚಿ ನೋಡದೆ ಮತ್ತೆ ಉಪ್ಪು ಹಾಕುವುದು, ನಾನು ಮಡಚಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ ತಾವೇ ಮಡಚುವುದು, ನಾನು ಶುರುಮಾಡಿದ ಮಾತನ್ನು ಅವರು ಮುಗಿಸುವುದು. ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ತಿರುಗಿ ಒಂದು ಮಾತೂ ಆಡಲಾಗದೆ ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಹಾಯೆನಿಸಿತು.

ದೂರುಗಳೂ ಖಾಲಿಯಾದವು. ಏಜೆಂಟು ಇನ್ನೂ ಬಿಟ್ಟಿರಲಿಲ್ಲ, ಅತ್ತೆ ಇನ್ನೂ ಕೈ ಒತ್ತಿರಲಿಲ್ಲ. ಬಾಯಿ ಮುಚ್ಚುವಂತಿರಲಿಲ್ಲ.

"ನನ್ನ ಮೊದಲ್ನೇ ಮಗು ಉಳೀಲಿಲ್ಲ," ಎಂದೆ. "ಆಸ್ಪತ್ರೆಗೆ ಬಂದೋರೆಲ್ಲ ಏನೇನೋ ಸಮಾಧಾನ ಹೇಳಿದ್ರು. ನೀವೊಬ್ರೇ ಏನೂ ಹೇಳ್ಲಿಲ್ಲ ಅತ್ತೆ. ಇಷ್ಟು ಮಾತಾಡೋರು, ಬೆಳಗಾಗೋವರೆಗೂ ಸುಮ್ನೆ ನನ್ನ ತಲೆ ಸವರ್ತಾ ಕೂತಿದ್ರಿ. ಅವತ್ತಿಂದ ನೀವೇ ನನ್ನಮ್ಮ. ಹೇಳೋಕೆ ನನಗೆ ಬಾಯಿ ಬಂದಿರ್ಲಿಲ್ಲ."

ಏಜೆಂಟು ಕೈ ಕೊಡವಿ ಹಿಂದೆ ಸರಿದ. ಮಾಲು ರೇಡಿಯೋ ಅಮ್ಮನದು ಎಂದು ಹರಾಜುಗಾರರು ಕೂಗಿ ಮುಗಿಸಿದರು. ಅತ್ತೆ ಹಾಕಿಕೊಂಡಿದ್ದ ಮಿತಿಯನ್ನು ದರ ಯಾವಾಗಲೋ ದಾಟಿತ್ತು. ಹೋಟೆಲುಗಳು ಉಳಿದವು, ಆ ವಾರದ ಲಾಭ ನೀರಿಗೆ ಬಿತ್ತು.

ಟೆಂಪೋದಲ್ಲಿ ಕ್ರೇಟುಗಳ ಮೇಲೆ ಐಸ್ ಹರಡುತ್ತ, ಕೈ ಯಾಕೆ ಒತ್ತಲಿಲ್ಲ ಎಂದು ಕೇಳಿದೆ. ಅತ್ತೆ ಸ್ಲೇಟನ್ನು ಪಕ್ಕಕ್ಕಿಟ್ಟರು. ಡಾಕ್ಟರ ಅಪ್ಪಣೆ ಮೀರಿ, ಗೊಗ್ಗರು ದನಿಯಲ್ಲಿ ಬಾಯಿ ಬಿಟ್ಟರು.

"ಕೇಳ್ತಾ ಕೇಳ್ತಾ ಮರೆತೇಬಿಟ್ಟೆ ಕಣೆ. ಸೀಗಡಿಗೆ ಆ ದರ ಜಾಸ್ತೀನೇ. ನಿನ್ನ ಮಾತಿಗೆ ಜಾಸ್ತಿಯಲ್ಲ."

ಆಮೇಲೆ ನಾನು ಹರಡಿದ್ದ ಐಸನ್ನೆಲ್ಲ ಕೆದರಿ, ಮತ್ತೆ ತಾವೇ ಹರಡಿದರು.