ಕಿವಿಯ ಹಿಂದಿನ ಕೈ

ಮಂಗಳೂರಿಗೆ ಬಂದಿಳಿದ ದಿನ ನಾನು ಎರಡನೆಯ ಸಲ ಕಿವುಡನಾದೆ. ಮೈಸೂರಿನ ಕಿವುಡರ ಶಾಲೆಯಲ್ಲಿ ಹತ್ತು ವರ್ಷ ಒದ್ದಾಡಿ, ತುಟಿ ನೋಡಿ ಕನ್ನಡ ತಿಳಿಯುವುದನ್ನು ಕಲಿತಿದ್ದೆ. ಇಲ್ಲಿ ಬಸ್ಸಿಳಿದರೆ ಒಂದು ತುಟಿಯೂ ಅರ್ಥವಾಗದು! ಮೀನಿನವಳ ತುಟಿಯಲ್ಲಿ ತುಳು, ಬೇಕರಿಯವನ ತುಟಿಯಲ್ಲಿ ಕೊಂಕಣಿ, ಜವಳಿ ಅಂಗಡಿಯಲ್ಲಿ ಬ್ಯಾರಿ. ವಾಪಸ್ಸು ಹೋಗುವ ಬಸ್ಸು ಯಾವುದೆಂದು ಅಲ್ಲೇ ಕಣ್ಣಾಡಿಸಿದೆ.

ಆದರೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಮೈಸೂರಿನಲ್ಲಿ ನಾವು ಗೆಳೆಯರು ಕೈಯಲ್ಲಿ ಮಾತಾಡಿದರೆ ಜನ ನಿಂತು ನೋಡುತ್ತಿದ್ದರು. ಇಲ್ಲಿ ಕಿವಿ ಇದ್ದವರೇ ಒಬ್ಬರ ಭಾಷೆ ಇನ್ನೊಬ್ಬರಿಗೆ ಸಾಲದೆ ಹೋದಾಗ ಕೈ, ಹುಬ್ಬು, ಗದ್ದ ಎಲ್ಲವನ್ನೂ ಕೆಲಸಕ್ಕೆ ಹಚ್ಚುತ್ತಾರೆ. ಹಣ್ಣಿನವಳು ಬೆಲೆ ಹೇಳಲು ನನ್ನೆದುರು ಮೂರು ಬೆರಳೆತ್ತಿದಳು, ನಾನು ಎರಡು ಎತ್ತಿದೆ, ಅವಳು ಮುಖ ತಿರುಗಿಸಿದಳು. ಅಷ್ಟು ಸಲೀಸಾಗಿ ಯಾರೂ ನನ್ನೊಡನೆ ಜಗಳವಾಡಿರಲಿಲ್ಲ.

ಕಂಕನಾಡಿಯಲ್ಲಿ ಕೋಣೆ ಕೊಟ್ಟವರು ಸಿಸಿಲಿಯಾ ಬಾಯಿ, ನಿವೃತ್ತ ಟೀಚರು. ನನ್ನ ಸ್ಲೇಟಿನ ಮೇಲೆ ಅವರು ಬರೆದ ಮೊದಲ ಪ್ರಶ್ನೆ: "ಮೀನು ತಿಂತೀಯಾ? ಇಲ್ಲದಿದ್ದರೆ ಇಲ್ಲಿ ಕಷ್ಟ ಉಂಟು." ಒಂದು ವಾರ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿಯಲ್ಲಿ ಹಟ ಹಿಡಿದೆ. ಎರಡನೆಯ ವಾರ ಸೋತೆ. ಬಾಗಿಲು ಬಡಿದರೆ ನನಗೆ ತಿಳಿಯದೆಂದು ಅವರು ಹೊರಗಿನಿಂದ ಒಂದು ಹುರಿ ಎಳೆದು, ತುದಿಗೆ ಕೆಂಪು ಬಟ್ಟೆ ಕಟ್ಟಿ ನನ್ನ ಮೇಜಿನ ಮೇಲೆ ತೂಗುಬಿಟ್ಟರು. ಬಟ್ಟೆ ಕುಣಿದರೆ ಯಾರೋ ಬಂದರೆಂದು ಅರ್ಥ. ಮೈಸೂರಿನಲ್ಲಿ ನನ್ನ ಸ್ವಂತ ಮನೆಯಲ್ಲೂ ಇದು ಯಾರಿಗೂ ಹೊಳೆದಿರಲಿಲ್ಲ.

ಕೆಲಸ ಹಮೀದ್ ಸಾಹೇಬರ ಅಂಗಡಿಯಲ್ಲಿ, ಸಿನಿಮಾ ಬ್ಯಾನರ್ ಬರೆಯುವುದು. ಕಿವುಡರಲ್ಲಿ ಹೆಸರು ಕಣ್ಣಿಗೆ ಕಾಣುವಂಥದ್ದು. ಶಾಲೆಯಲ್ಲಿ ನನ್ನ ಹೆಸರು ಗದ್ದದ ಗಾಯದ ಗುರುತಿನ ಮೇಲೆ ಎಳೆದ ಬೆರಳು. ಇಲ್ಲಿ ಸಾಹೇಬರು ಕರೆಯುವುದಿದ್ದರೆ ಕಿವಿಯ ಹಿಂದೆ ಕೈ ಬಟ್ಟಲು ಮಾಡುತ್ತಿದ್ದರು. ಬೀದಿಯೆಲ್ಲ ಅದನ್ನೇ ಕಲಿಯಿತು. ನಾನು ನಗುತ್ತಲೇ ಹೋಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಬ್ಯಾನರ್ ಬರೆಯುವ ಮುಂಚೆ ಚಿತ್ರ ನೋಡಿಬರುವುದು ನಮ್ಮ ಪದ್ಧತಿ. ಅರವತ್ತರ ದಶಕದ ಆರಂಭದಲ್ಲಿ ಬಂದ ಒಂದು ಚಿತ್ರದಲ್ಲಿ ಶ್ರೀಮಂತ ಒಡತಿಯ ಮನೆಯ ಕಿವುಡ ಆಳೊಬ್ಬನಿದ್ದ. ಅವನು ಕಿವಿಯ ಹಿಂದೆ ಕೈಯಿಟ್ಟು ಬಾಯಿ ತೆರೆದಾಗಲೆಲ್ಲ ಮುಂದಿನ ಸಾಲಿನ ಹೆಗಲುಗಳು ಕುಲುಕುತ್ತಿದ್ದವು, ಪಕ್ಕದಲ್ಲಿ ಸಾಹೇಬರದೂ. ನಾನು ನಟನ ಕಣ್ಣನ್ನೇ ನೋಡುತ್ತಿದ್ದೆ. ಬೆನ್ನ ಹಿಂದೆ ತಟ್ಟೆ ಬಿದ್ದಾಗ ಅವನ ರೆಪ್ಪೆ ಮಿಡಿಯಿತು. ಕಳ್ಳ ಸಿಕ್ಕಿಬಿದ್ದ! ಹುಟ್ಟು ಕಿವುಡರಾದ ನಾವು ಕಿವಿಯ ಹಿಂದೆ ಕೈ ಇಡುವುದೂ ಇಲ್ಲ. ಇಟ್ಟು ಏನು ಸಿಗಬೇಕು?

"ಆಳನ್ನೇ ದೊಡ್ಡದಾಗಿ ಬರಿ. ಜನ ಅವನಿಗೇ ಬರುದು," ಎಂದು ಸಾಹೇಬರು ಬರೆದರು. ಆ ಕೈ ಮೂವತ್ತು ಅಡಿಯ ಬಟ್ಟೆಯ ಮೇಲೇರಿದರೆ ಈ ಊರಿನಲ್ಲಿ ನನಗೆ ಇನ್ನೊಂದು ಹೆಸರು ಸಿಗುವುದಿಲ್ಲ ಎಂದು ಹೆದರಿಕೆಯಾಯಿತು. ಅಳತೆ ತಪ್ಪದಂತೆ ಬಟ್ಟೆಯ ಮೇಲೆ ಚೌಕಗಳನ್ನೆಳೆದು ನಾಲ್ಕು ದಿನ ಬರೆದೆ: ಕೈಗಳು ಕೆಳಗೆ, ಬಾಯಿ ಮುಚ್ಚಿದೆ, ಕಣ್ಣು ಮಾತ್ರ ಒಡತಿಯ ತುಟಿಯ ಮೇಲೆ ನೆಟ್ಟಿದೆ.

ಸಾಹೇಬರು ಸ್ಲೇಟು ಕಿತ್ತುಕೊಂಡರು. "ಎಂತ ಇದು? ಕೈ ಎಲ್ಲಿ ಉಂಟು? ಇವ ಕಿವುಡ ಅಂತ ಹೇಗೆ ಗೊತ್ತಾಗುದು ಮಾರಾಯ?"

ಕೆಲಸ ಹೋದರೆ ಹೋಗಲಿ ಎಂದುಕೊಂಡು ಬರೆದೆ: "ಮೊದಲ ದಿನ ನಾನು ಸ್ಲೇಟು ತೆಗೆಯುವ ಮುಂಚೆಯೇ ನಿಮಗೆ ಹೇಗೆ ಗೊತ್ತಾಯಿತು?"

ಅವರು ಬಳಪ ತೆಗೆದುಕೊಂಡು ಬರೆದರು: "ನೀನು ನೋಡುವ ಕ್ರಮದಲ್ಲಿ. ಎದುರಿನವನನ್ನು ತಿಂದುಬಿಡುವ ಹಾಗೆ ನೋಡ್ತೀ." ಬರೆದದ್ದನ್ನು ತಾವೇ ಓದಿದರು, ಬ್ಯಾನರ್ ಕಡೆ ತಿರುಗಿದರು, ಮತ್ತೆ ನನ್ನ ಕಡೆ. ಬ್ಯಾನರ್ ಹಾಗೆಯೇ ಏರಿತು.

ಮರುದಿನ ರಸ್ತೆಯಾಚೆಯಿಂದ ಕರೆಯಲು ಅವರ ಕೈ ಕಿವಿಯತ್ತ ಎದ್ದಿತು, ಅರ್ಧದಲ್ಲಿ ನಿಂತಿತು, ಎರಡು ಬೆರಳಾಗಿ ಕಣ್ಣಿನ ಹತ್ತಿರ ಹೋಗಿ ನನ್ನ ಕಡೆ ಚಾಚಿತು. ನನಗೆ ಅಳು ಬಂತು. ನಿಧಾನವಾಗಿ ಬೀದಿ ಆ ಹೆಸರನ್ನೂ ಕಲಿಯಿತು.

ಕೆಲವು ವರ್ಷಗಳ ಮೇಲೆ ಮೈಸೂರಿಗೆ ಹೋಗಿದ್ದೆ. ಹಳೆಯ ಗೆಳೆಯರು ದೂರದಿಂದಲೇ ಗದ್ದದ ಮೇಲೆ ಬೆರಳೆಳೆದು ಕರೆದರು, ಓಡಿಹೋದೆ. ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರು ಕೈಸನ್ನೆಯಲ್ಲಿ ನನ್ನ ಹೆಸರು ಕೇಳಿದರು. ಗೆಳೆಯರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಎತ್ತಿದ ಕೈ ಗದ್ದ ದಾಟಿತ್ತು, ಕಣ್ಣು ಮುಟ್ಟಿರಲಿಲ್ಲ.